ಲಾಕಿನ ಬಾಯಿ

ಬಲಗಡೆ ಪಿಸ್ಟನ್ನಿನ ಹೊರಗಣ ಲಾಕಿನ ಬಾಯಿ ಮೇಲಕ್ಕಿತ್ತು. ಎಮಿಲ್ ಹುಡಾಕ್ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿ ಮತ್ತೆ ಹಾಕಿಕೊಂಡ. ದೀಪದ ಕತ್ತು ಹಿಡಿದು ಹತ್ತಿರಕ್ಕೆ ಬಗ್ಗಿಸಿದ. ಆದರೂ ಅದು ಮೇಲಕ್ಕೇ ಇತ್ತು. ಮೊನ್ನೆ ಬುಧವಾರ ತನ್ನ ಹಳೆಯ ಬೈಕಿನ ಈ ಎರಡು ಪಿಸ್ಟನ್ನುಗಳನ್ನು ಕೂರಿಸಿದವನು ಅವನೇ. ಪಿಸ್ಟನ್ನನ್ನು ರಾಡಿಗೆ ಸೇರಿಸುವ ಪಿನ್ನು ಅತ್ತಿತ್ತ ಜಾರದಿರಲಿ ಎಂದು ಪಿನ್ನಿನ ಎರಡು ತುದಿಗೂ ಒಂದೊಂದು ತಂತಿಯ ಲಾಕು ಹಾಕುತ್ತಾರೆ. ನೋಡಲಿಕ್ಕೆ ಅಕ್ಕಸಾಲಿಗ ಅರ್ಧಕ್ಕೆ ಬಿಟ್ಟೆದ್ದ ಉಂಗುರದ ಹಾಗೆ, ಒಂದು ಕಡೆ ಬಾಯಿ ಬಿಟ್ಟುಕೊಂಡಿರುತ್ತದೆ. ಎರಡು ಪಿಸ್ಟನ್ನಿಗೆ ಒಟ್ಟು ನಾಲ್ಕು. ಬಾಯಿ ಮೇಲಿದ್ದರೂ ಕೆಳಗಿದ್ದರೂ ಎಂಜಿನ್ನು ತಕರಾರು ಮಾಡುವುದಿಲ್ಲ, ಲಾಕು ಇರಬೇಕು ಅಷ್ಟೆ. ಇಲ್ಲದಿದ್ದರೆ ಪಿನ್ನು ಜಾರಿ ಸಿಲಿಂಡರಿನ ಗೋಡೆಯನ್ನು ಗೀರಿ, ಅರವತ್ತು ಮೈಲಿ ವೇಗದಲ್ಲಿ ಎಂಜಿನ್ನು ಕಚ್ಚಿಕೊಂಡು ನಿಂತು, ಮೇಲೆ ಕೂತವರನ್ನು ರಸ್ತೆಗೆ ಒಗೆಯುತ್ತದೆ. ಮೇಲೋ ಕೆಳಗೋ ಎನ್ನುವುದು ಮಾಡುವವನ ರೂಢಿ, ಸಹಿ ಇದ್ದ ಹಾಗೆ. ಎಮಿಲ್ ತನ್ನ ಜನ್ಮದಲ್ಲಿ ಲಾಕಿನ ಬಾಯಿಯನ್ನು ಮೇಲಕ್ಕಿಟ್ಟವನಲ್ಲ. ಯಾರೋ ಇಲ್ಲಿಗೆ ಬಂದಿದ್ದರು.

ಗ್ಯಾರೇಜಿನ ನಡುವೆ ಅಲ್ಲಾಡದೆ ನಿಂತು ಒಂದೊಂದನ್ನೇ ನೋಡುತ್ತ ಹೋದ. ಅನುಮಾನ ಪಡುವುದಕ್ಕೇ ಮೂವತ್ತೊಂದು ವರ್ಷ ಸಂಬಳ ಪಡೆದವನು ಅವನು. ಊರಾಚೆಯ ಬೇರಿಂಗ್ ಕಾರ್ಖಾನೆ ಬಾಗಿಲು ಹಾಕುವ ತನಕ ಅದರ ಅಳತೆಕೋಣೆಯಲ್ಲಿ ಕೂತು, ಬೇರೆಯವರು ಸರಿಯಿದೆ ಎಂದು ಕಳಿಸಿದ್ದನ್ನು ಸರಿಯಿಲ್ಲ ಎನ್ನುವುದೇ ಅವನ ಕೆಲಸವಾಗಿತ್ತು; ಮನೆಗೆ ಬಂದ ಮೇಲೂ ಆ ಕೆಲಸಕ್ಕೆ ರಜೆ ಇರಲಿಲ್ಲ ಎಂದು ಹೆಂಡತಿ ಹೇಳುತ್ತಾಳೆ. ಬೆಂಚಿನ ಮೇಲೆ ರಟ್ಟಿನ ಹಾಳೆ ಹಾಗೇ ಇತ್ತು. ಅದರ ಮೇಲೆ ಅವನೇ ಪೆನ್ಸಿಲಿನಲ್ಲಿ ಬರೆದ ಎಂಜಿನ್ನಿನ ಚಿತ್ರ, ಯಾವ ಬೋಲ್ಟು ಎಲ್ಲಿಂದ ಬಂತೋ ಅದೇ ಜಾಗದಲ್ಲಿ ರಟ್ಟಿಗೆ ತೂತು ಮಾಡಿ ಚುಚ್ಚಿಟ್ಟದ್ದು. ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡು ಬೋರಲಾಗಿ ಮಲಗಿತ್ತು. ಬೋರ್ ಮಾಡಿಸಿ ತಂದ ಸಿಲಿಂಡರಿನ ಬ್ಲಾಕು ಮೈಗೆ ಎಣ್ಣೆ ಹಚ್ಚಿಸಿಕೊಂಡು ಪೇಪರಿನೊಳಗೆ ಕೂತಿತ್ತು. ಆದರೆ ಎಂಜಿನ್ನಿನ ತೆರೆದ ಹೊಟ್ಟೆಯೊಳಗೆ ಏನೂ ಬೀಳದಿರಲಿ ಎಂದು ತುರುಕಿದ್ದ ಚಿಂದಿಬಟ್ಟೆ ಅವನು ತುರುಕಿದ ಹಾಗಿರಲಿಲ್ಲ. ಎಮಿಲ್ ತುರುಕುವುದೆಂದರೆ ತುರುಕುವುದು. ಇದನ್ನು ಯಾರೋ ಅಂಚಿಗೆ ಅಂಚು ಸೇರಿಸಿ ಮಡಚಿ ಕೂರಿಸಿದ್ದರು. ಪಕ್ಕದ ಬಾಗಿಲಿಗೆ ಮೂರು ಬೀಗದಕೈ: ಒಂದು ಅವನ ಸೊಂಟದಲ್ಲಿ, ಒಂದು ಅಡುಗೆಮನೆಯ ಮೊಳೆಗೆ, ಇನ್ನೊಂದು ಹೂಕುಂಡದ ಕೆಳಗೆ. ಆ ಮೂರನೆಯದು ಗೊತ್ತಿರುವ ಹೊರಗಿನವನು ಇಡೀ ಯಂಗ್ಸ್‌ಟೌನಿನಲ್ಲಿ ಒಬ್ಬನೇ, ಎರಡು ಮನೆ ಆಚೆಯ ಕ್ಲೈಡ್ ಮೇಬ್ರಿ. ಇಂಥದೇ ಅರವತ್ತಾರನೇ ಇಸವಿಯ ಇಂಗ್ಲಿಷ್ ಬೈಕು ಅವನಲ್ಲೂ ಇದೆ. ಅವನ ಹೆಂಡತಿ ತೀರಿಹೋಗಿ ನಾಲ್ಕು ವರ್ಷವಾಯಿತು. ಕ್ಲೈಡ್ ಜೀವಮಾನದಲ್ಲಿ ಒಂದು ಬಟ್ಟೆ ಮಡಚಿದವನಲ್ಲ ಎನ್ನುವುದು ಎಮಿಲನಿಗೆ ಹೊಳೆಯಿತು, ಆದರೆ ಅನುಮಾನ ಅಷ್ಟು ಹೊತ್ತಿಗೆ ದಾರಿ ಹಿಡಿದಾಗಿತ್ತು.

ನಿನ್ನೆ ಗುರುವಾರ. ಗುರುವಾರ ಒಂಬತ್ತರಿಂದ ಒಂದರವರೆಗೆ ಎಮಿಲ್ ಮನೆಯಲ್ಲಿ ಇರುವುದಿಲ್ಲ ಎಂದು ಕಾಗೆಗೂ ಗೊತ್ತು. ಈಸ್ಟರಿಗೆ ಮುಂಚಿನ ಉಪವಾಸದ ವಾರಗಳಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಶುಕ್ರವಾರದ ಮೀನೂಟಕ್ಕೆ ತಯಾರಿ ನಡೆಯುತ್ತದೆ. ಹೆಂಗಸರು ಮೇಜಿನ ಸುತ್ತ ಕೂತು ಪಿರೋಹಿ ಕಡುಬು ಮಡಚುತ್ತಾರೆ, ಎಮಿಲನಂಥ ಮುದುಕರು ಅದರೊಳಕ್ಕೆ ಹೋಗುವ ಆಲೂಗಡ್ಡೆ ಸುಲಿಯುತ್ತಾರೆ. ನಲವತ್ತು ವರ್ಷ ತಪ್ಪದೆ ಪಿರೋಹಿ ಮಡಚಿದ ವೆರೋನ ಈ ವರ್ಷ ಮಂಡಿನೋವು ಎಂದು ಮನೆಯಲ್ಲೇ ಉಳಿದಿದ್ದಾಳೆ. ಮಂಡಿ ನೋಯುವವಳು ಕೂತಲ್ಲೇ ಮಾಡುವ ಕೆಲಸವನ್ನು ಬಿಡುವುದೇಕೆ? ಈ ಪ್ರಶ್ನೆ ಇಷ್ಟು ದಿನ ತನ್ನ ತಲೆಗೆ ಬರಲಿಲ್ಲವಲ್ಲ ಎಂದು ಅವನಿಗೆ ತನ್ನ ಮೇಲೇ ಕೋಪ ಬಂತು.

ವೆರೋನ ಬೆಳಗಿನ ಪಾತ್ರೆ ತೊಳೆದು ಚಮಚ ಎಣಿಸುತ್ತಿದ್ದಳು. ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ ಇಪ್ಪತ್ತಾರು ವರ್ಷ ನರ್ಸಾಗಿದ್ದವಳು. ಹೊಟ್ಟೆ ಹೊಲಿಯುವ ಮೊದಲು ಕತ್ತರಿ ಎಷ್ಟು, ಹತ್ತಿಯುಂಡೆ ಎಷ್ಟು, ಹೋದಷ್ಟು ವಾಪಸು ಬಂದವೇ ಎಂದು ಗಟ್ಟಿಯಾಗಿ ಎಣಿಸಿ ಹೇಳುವುದು ಅವಳ ಪಾಲಿನ ಕೆಲಸ. ಕೆಲಸ ಬಿಟ್ಟು ಹತ್ತು ವರ್ಷವಾದರೂ ಎಣಿಕೆ ಬಿಟ್ಟಿರಲಿಲ್ಲ. ಬಲಗೈ ಹೆಬ್ಬೆರಳಿಗೆ ಪಟ್ಟಿ ಸುತ್ತಿಕೊಂಡಿದ್ದಳು.

"ಬೆರಳಿಗೆ ಏನಾಯ್ತು?"

"ಡಬ್ಬಿ ಮುಚ್ಚಳ ಕುಯ್ತು."

"ಯಾವ ಡಬ್ಬಿ?"

"ಟೊಮೇಟೊ ಡಬ್ಬಿ. ಯಾಕೆ, ಡಬ್ಬಿಗೂ ವಿಚಾರಣೆ ಇದೆಯಾ?"

"ನಿನ್ನೆ ಯಾರಾದ್ರೂ ಬಂದಿದ್ರಾ?"

"ಪೋಸ್ಟಿನವನು ಬಂದಿದ್ದ." ಒಂದು ಚಮಚವನ್ನು ಎರಡನೇ ಸಲ ಒರೆಸಿದಳು. "ಕ್ಲೈಡ್ ಬಂದಿದ್ದ, ಎರಡು ನಿಮಿಷ. ಕಾಫಿ ಕುಡಿದು ಹೋದ."

"ಎರಡು ನಿಮಿಷದಲ್ಲಿ ಕಾಫಿ ಹೇಗೆ ಕುಡಿದ?"

"ಆರಿಹೋಗಿತ್ತು. ಇನ್ನೇನಾದ್ರೂ ಕೇಳೋದಿದೆಯಾ, ಇಲ್ಲ ನಾನು ಚಮಚ ಒಳಗಿಡಲಾ?"

ಅವನು ಹೊರಗೆ ಬಂದು ರಸ್ತೆಯ ಅಂಚಿನ ಕಸದ ಡ್ರಮ್ಮಿನ ಮುಚ್ಚಳ ತೆಗೆದ. ಮೊಟ್ಟೆಸಿಪ್ಪೆ, ಕಾಫಿಗಸಿ, ಔಷಧಿಯ ಖಾಲಿ ಡಬ್ಬಿ, ಹಳೆಯ ಪೇಪರು. ತೋಳು ಮೊಣಕೈವರೆಗೆ ಒಳಗೆ ಬಿಟ್ಟು ತಡಕಾಡಿದ. ಟೊಮೇಟೊ ಡಬ್ಬಿ ಇರಲಿಲ್ಲ. ನಾಯಿ ತಿರುಗಾಡಿಸುತ್ತಿದ್ದ ಎದುರುಮನೆಯ ಹೆಂಗಸು ನಿಂತು, "ಏನಾದ್ರೂ ಕಳ್ಕೊಂಡ್ರಾ, ಮಿಸ್ಟರ್ ಹುಡಾಕ್? ಹುಡುಕೋಕೆ ನಾನೂ ಬರಲಾ?" ಎಂದಳು, ಕಿವುಡ ಮಕ್ಕಳ ಹತ್ತಿರ ಮಾತಾಡುವ ಹಾಗೆ ಒಂದೊಂದೇ ಪದ ಬಿಡಿಸಿ. ಈ ದನಿಯನ್ನು ಇತ್ತೀಚೆಗೆ ಅವನು ಬಹಳ ಕೇಳುತ್ತಿದ್ದ. ಔಷಧಿ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಫೋನಿನಲ್ಲಿ ಮಗಳ ಬಾಯಲ್ಲೂ. ಏನೂ ಕಳೆದಿಲ್ಲ ಎಂದು ಹೇಳಿ ಕೈ ಒರೆಸಿಕೊಳ್ಳಲು ಬಟ್ಟೆ ಸಿಗದೆ ಪ್ಯಾಂಟಿಗೆ ಒರೆಸಿಕೊಂಡ.

ಮತ್ತೆ ಗ್ಯಾರೇಜಿಗೆ ಬಂದು ಆ ಲಾಕನ್ನು ಮೊಳೆಯಂಥ ಕಡ್ಡಿಯಿಂದ ಅದು ಕೂತ ತೋಡಿನಲ್ಲೇ ತಿರುಗಿಸಿ ಬಾಯಿ ಕೆಳಕ್ಕೆ ಮಾಡಿದ. ಬಾಯಿ ಕೆಳಕ್ಕೆ ಮಾಡಿ ಕೂರಿಸು, ಮಾತಾಡದೆ ಕೆಲಸ ಮಾಡುತ್ತೆ ಎನ್ನುತ್ತಿದ್ದರು ಓರವೆಟ್ಸ್. ಅಳತೆಕೋಣೆಯಲ್ಲಿ ಅವನಿಗಿಂತ ಮೂವತ್ತು ವರ್ಷ ಹಿರಿಯರು. ಅದೇ ಚರ್ಚಿನವರು, ಅಪ್ಪನ ಸ್ನೇಹಿತರು. ಎಮಿಲ್ ಅವರನ್ನು ಕರೆಯುತ್ತಿದ್ದುದು ಸ್ಟ್ರೀಕೊ ಎಂದು, ಚಿಕ್ಕಪ್ಪ ಎಂದು. ಬೈಕು ಕೊಂಡ ಮೊದಲ ಚಳಿಗಾಲದಲ್ಲಿ ಇದೇ ಬೆಂಚಿನ ಮೇಲೆ ಇದೇ ಎಂಜಿನ್ನಿನ ಮೇಲ್ಭಾಗ ಬಿಚ್ಚುವುದನ್ನು ಕಲಿಸಿದವರೂ ಅವರೇ. ಅಂಗುಲವನ್ನು ಸಾವಿರ ಭಾಗ ಮಾಡಿ ಅದರಲ್ಲೊಂದು ಭಾಗವನ್ನು ಬೆರಳಿನಲ್ಲೇ ಹೇಳುತ್ತಿದ್ದ ಮನುಷ್ಯ ಕೊನೆಯ ವರ್ಷ ಗೇಜಿನ ಮುಳ್ಳನ್ನು ಒಂದು ಗೆರೆ ಆಚೆಗೆ ಓದತೊಡಗಿದರು. ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ಎಮಿಲ್ ಅವರ ತಟ್ಟೆಯ ಬೇರಿಂಗುಗಳನ್ನು ಇನ್ನೊಮ್ಮೆ ಅಳೆದು, ಅವರ ಚೀಟಿಯಲ್ಲಿನ ಅಂಕಿಗಳನ್ನು ಅವರದೇ ಅಕ್ಷರದಲ್ಲಿ ತಿದ್ದಿ ಇಡುತ್ತಿದ್ದ. ಒಂದು ವರ್ಷ ಹಾಗೆ ನಡೆಯಿತು. ಅವರ ಏಳು ಎನ್ನುವ ಅಂಕಿಗೆ ಅಡ್ಡಗೆರೆ ಇರುತ್ತಿತ್ತು, ಎಮಿಲ್ ಅದನ್ನೂ ಹಾಕುತ್ತಿದ್ದ. ಪ್ರೀತಿಯಿಂದಲೇ ಮಾಡುತ್ತಿದ್ದ, ಅದರಲ್ಲಿ ಸುಳ್ಳಿಲ್ಲ. ಆದರೆ ತಿದ್ದುವಾಗ ಮೈಯಲ್ಲಿ ಒಂದು ಬಗೆಯ ಸುಖವೂ ಇರುತ್ತಿತ್ತು, ಅದರಲ್ಲೂ ಸುಳ್ಳಿಲ್ಲ.

ಸಂಜೆ ಮೀನೂಟದ ಸಾಲಿನಲ್ಲಿ ಕ್ಲೈಡ್ ಸಿಕ್ಕಿದ. ಅವನು ಆ ಚರ್ಚಿನವನಲ್ಲ, ನಿಜ ಹೇಳಬೇಕೆಂದರೆ ಯಾವ ಚರ್ಚಿನವನೂ ಅಲ್ಲ, ಆದರೆ ಕರಿದ ಮೀನಿನ ವಿಷಯದಲ್ಲಿ ಪರಮಭಕ್ತ. ವೆರೋನ ಆಗಲೇ ಮುಂದೆ ಹೋಗಿ ಮೂವರಿಗೆ ಕುರ್ಚಿ ಹಿಡಿದು ಕೂತಿದ್ದಳು.

"ನೀನು ಪಿಸ್ಟನ್ ಲಾಕಿನ ಬಾಯಿ ಯಾವ ಕಡೆಗೆ ಇಡ್ತೀಯ?" ಎಮಿಲ್ ಕೇಳಿದ.

"ನಮಸ್ಕಾರ ಕ್ಲೈಡ್, ಹೇಗಿದ್ದೀಯ ಕ್ಲೈಡ್, ಸೊಂಟನೋವು ವಾಸಿನಾ ಕ್ಲೈಡ್," ಎಂದು ಕ್ಲೈಡ್ ತನಗೆ ತಾನೇ ಹೇಳಿಕೊಂಡ. "ಕೆಳಕ್ಕೆ. ನೀನೇ ಹೇಳಿಕೊಟ್ಟಿದ್ದಲ್ವೇನೋ ಮಾರಾಯ, ಹೊಸದಾಗಿ ಪರೀಕ್ಷೆ ಬೇರೆ ಮಾಡ್ತೀಯಲ್ಲ."

"ನಿನ್ನೆ ನನ್ನ ಗ್ಯಾರೇಜಿಗೆ ಹೋಗಿದ್ದೆಯಾ?"

"ನಿನ್ನ ಗ್ಯಾರೇಜಿಗೆ ಕಾಲಿಡೋಕೆ ನನಗೇನು ಹುಚ್ಚೇ? ಒಂದು ಸ್ಪ್ಯಾನರ್ ಮುಟ್ಟಿದ್ರೆ ಒಂದು ವಾರ ಬೆರಳಚ್ಚು ಹುಡುಕೋ ಜಾತಿ ನೀನು."

"ಮನೆಗಂತೂ ಬಂದಿದ್ದೆಯಲ್ಲ."

"ಬಂದಿದ್ದೆ. ಕಾಫಿ ಕುಡಿದೆ. ತಣ್ಣಗಿತ್ತು. ಅದು ಅಪರಾಧ ಅಂತಾದ್ರೆ ನನ್ನನ್ನ ಜೈಲಿಗೆ ಹಾಕ್ಸು, ಆದ್ರೆ ಮೀನು ತಿಂದಾದ ಮೇಲೆ."

ಇಬ್ಬರೂ ಹೇಳಿದ್ದು ಒಂದೇ: ಕಾಫಿ ತಣ್ಣಗಿತ್ತು. ನಿಜ ಹೇಳುವ ಇಬ್ಬರ ಮಾತಿನಲ್ಲಿ ಒಂದಿಷ್ಟಾದರೂ ವ್ಯತ್ಯಾಸ ಇರುತ್ತದೆ ಎಂದು ಎಮಿಲ್ ಯೋಚಿಸಿದ. ಮೇಜಿನ ಹತ್ತಿರ ತಟ್ಟೆ ಇಡುವಾಗ ಕ್ಲೈಡ್ ವೆರೋನಳ ಕಡೆ ಒಂದು ಸಲ ನೋಡಿದ. ಅವಳು ತಕ್ಷಣ ಕೋಸಿನ ಪಲ್ಯದೊಳಗೆ ಏನೋ ಬಿದ್ದಿದೆ ಎನ್ನುವಂತೆ ತಲೆ ತಗ್ಗಿಸಿದಳು. ಎಮಿಲ್ ನೋಡಿಯೂ ನೋಡದವನಂತೆ ಮೀನಿಗೆ ನಿಂಬೆ ಹಿಂಡಿದ. ಇಬ್ಬರಿಗೂ ಎಪ್ಪತ್ತು ಹತ್ತಿರ ಬಂತು, ಇನ್ನು ಎಂಥ ಸಂಬಂಧ ಎಂದು ಮನಸ್ಸಿನ ಒಂದು ಮೂಲೆ ನಕ್ಕರೆ, ಇನ್ನೊಂದು ಮೂಲೆ ಹೂಕುಂಡದ ಕೆಳಗಿನ ಬೀಗದಕೈಯನ್ನು ಎತ್ತಿ ಇಳಿಸಿ ನೋಡುತ್ತಿತ್ತು. ಪಾದ್ರಿಗಳು ಮೈಕಿನಲ್ಲಿ ಮೇ ತಿಂಗಳ ಮೊದಲ ಭಾನುವಾರ ಎಂದಿನಂತೆ ಚರ್ಚಿನ ಅಂಗಳದಲ್ಲಿ ಬೈಕುಗಳಿಗೆ ಆಶೀರ್ವಾದ ಇದೆ ಎಂದು ಹೇಳಿದರು. ನಲವತ್ತನಾಲ್ಕು ವರ್ಷ ಎಮಿಲ್ ಆ ಸಾಲಿನಲ್ಲಿ ಮೊದಲಿಗ, ಹಿಂದಿನ ಸೀಟಿನಲ್ಲಿ ವೆರೋನ. ತೀರ್ಥ ಬಿದ್ದ ಮೇಲೆ ಇಬ್ಬರೂ ಕೆರೆಯ ತನಕ ಹೋಗಿ ಬರುತ್ತಾರೆ. ಹೋದ ಬೇಸಿಗೆಯಲ್ಲಿ ಎಂಜಿನ್ನು ನೀಲಿಹೊಗೆ ಉಗುಳತೊಡಗಿದಾಗ, ಇನ್ನು ಅದನ್ನು ಮಾರಿಬಿಡಿ ಎಂದು ಮಗಳು ಫೋನು ಮಾಡಿದ್ದಳು. ಹೊಗೆ ಬಂದದ್ದು ಮಗಳಿಗೆ ಹೇಳಿದವರು ಯಾರು? ಮಾರುವುದಾದರೆ ಅವನನ್ನೂ ಜೊತೆಗೇ ಮಾರಬೇಕು. ತನ್ನ ಕೈಯಿಂದಲೇ ಎಂಜಿನ್ನು ಕಟ್ಟಿ, ಮೇ ತಿಂಗಳಲ್ಲಿ ಹೊಗೆಯಿಲ್ಲದೆ ಆ ಸಾಲಿನ ಮೊದಲಿಗೆ ನಿಲ್ಲದೆ ಹೋದರೆ ಉಳಿದದ್ದು ಅಳತೆ ತಪ್ಪಿದ ಮುದುಕ ಒಬ್ಬನೇ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. "ಮೀನು ಚೆನ್ನಾಗಿಲ್ವಾ?" ಎಂದಳು ವೆರೋನ. ಚೆನ್ನಾಗಿದೆ ಎಂದ.

ಮುಂದಿನ ದಿನಗಳಲ್ಲಿ ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮನೆಯಲ್ಲಿ ಓಡಾಡಿದ. ಹಾಲಿನಲ್ಲಿ ಕೂತರೆ ಅಡುಗೆಮನೆಯ ಸದ್ದು ಕೇಳಿಸಿಕೊಳ್ಳುತ್ತಿದ್ದ. ಅವಳು ಫೋನಿನಲ್ಲಿ ದನಿ ತಗ್ಗಿಸಿದರೆ ನೀರು ಕುಡಿಯುವ ನೆಪ ಮಾಡಿ ಎದ್ದು ಹೋಗುತ್ತಿದ್ದ, ಅವಳು ಕೂಡಲೇ ಹವಾಮಾನದ ವಿಷಯ ತೆಗೆಯುತ್ತಿದ್ದಳು. ವಾಲ್ವುಗಳನ್ನು ಅವುಗಳ ಪೀಠಕ್ಕೆ ಉಜ್ಜಿ ಕೂರಿಸುವ ಕೆಲಸ ಇತ್ತು. ಕಡ್ಡಿಯನ್ನು ಎರಡು ಅಂಗೈ ನಡುವೆ ಮಜ್ಜಿಗೆ ಕಡೆದ ಹಾಗೆ ತಿರುಗಿಸುತ್ತ, ಪುಡಿ ಹಚ್ಚುತ್ತ, ಒರೆಸುತ್ತ, ನಾಲ್ಕು ವಾಲ್ವಿನ ಸುತ್ತಲೂ ಬೂದುಬಣ್ಣದ ಗೆರೆ ಒಂದೇ ಅಗಲಕ್ಕೆ ಬರುವ ತನಕ ಬಿಡಲಿಲ್ಲ. ಆ ಗೆರೆ ನೋಡಿ ಅವನಿಗೆ ಅಳು ಬರುವಷ್ಟು ಸಂತೋಷವಾಯಿತು. ಈ ಕೈ ಇನ್ನೂ ಕೈಯೇ. ಇದನ್ನು ಯಾವನು ತಿದ್ದುತ್ತಾನೋ ತಿದ್ದಲಿ ನೋಡೋಣ ಎಂದು ಹೆಡ್ಡಿನ ಮೇಲೆ ಬಟ್ಟೆ ಮುಚ್ಚಿದ.

ಬುಧವಾರ ಮಧ್ಯಾಹ್ನ ಬಲೆ ಒಡ್ಡಿದ. ಅಂದು ಸಿಲಿಂಡರಿನ ಬ್ಲಾಕನ್ನು ಪಿಸ್ಟನ್ನುಗಳ ಮೇಲೆ ಇಳಿಸಬೇಕಾಗಿತ್ತು. ಇಳಿಸಿಬಿಟ್ಟರೆ ಲಾಕುಗಳು ಮುಚ್ಚಿಹೋಗುತ್ತವೆ, ಆಮೇಲೆ ಯಾರು ಬಂದರೂ ಮುಟ್ಟಲಾರರು. ಬೇಕೆಂದೇ ಇಳಿಸಲಿಲ್ಲ. ನಾಲ್ಕೂ ಲಾಕುಗಳ ಬಾಯಿ ಕೆಳಕ್ಕಿದೆ ಎಂದು ಪುಟ್ಟ ಕನ್ನಡಿ ಹಿಡಿದು ನೋಡಿದ. ಮೂತಿ ಚೂಪಾದ ಇಕ್ಕಳದಿಂದ ಎಡಗಡೆ ಪಿಸ್ಟನ್ನಿನ ಹೊರಗಣ ಲಾಕನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿದ. ಬಿಡಿ ಲಾಕುಗಳ ಪೊಟ್ಟಣ ಬೆಂಚಿನ ಡ್ರಾಯರಿನಲ್ಲೇ ಇತ್ತು. ಬರುವವರಿಗೆ ತೊಂದರೆಯಾಗದಿರಲಿ ಎಂದು ಡ್ರಾಯರನ್ನು ತುಸು ತೆರೆದೇ ಇಟ್ಟ. ನಾಳೆ ಆ ಖಾಲಿ ಜಾಗ ತುಂಬಿದ್ದರೆ ಕ್ಲೈಡ್ ಸಿಕ್ಕಿಬಿದ್ದ ಹಾಗೆ. ಕಳ್ಳನಾದರೆ ತೆಗೆದುಕೊಂಡು ಹೋಗುತ್ತಾನೆ, ಇಟ್ಟು ಹೋಗುವವನನ್ನು ಏನೆನ್ನಬೇಕು? ಸರಿಮಾಡುವವನು. ಸರಿಮಾಡುವವರ ಸ್ವಭಾವ ಎಮಿಲನಿಗೆ ಗೊತ್ತು. ಸುಮ್ಮನೆ ಸರಿಮಾಡುತ್ತಾರೆ, ಸುಮ್ಮನೆ ಸರಿಮಾಡುತ್ತಾರೆ, ಒಂದು ದಿನ ಮೇಲಿನವರ ಬಾಗಿಲು ತಟ್ಟುತ್ತಾರೆ. ಕಾರ್ಖಾನೆಯಲ್ಲಿ ಆ ಬಾಗಿಲಿಗೆ ಹಸಿರು ಬಣ್ಣ ಇತ್ತು. ಮುಖ್ಯ ಪರೀಕ್ಷಕನ ಜಾಗ ಖಾಲಿಯಾಗುವ ಸುದ್ದಿ ಬಂದ ವಾರ ಅದು. ಎಮಿಲ್ ಒಳಗೆ ಹೋಗಿ, ಒಂದು ಬೇರಿಂಗು ಎಲ್ಲೋ ಮುರಿದು ಯಾರೋ ಸತ್ತರೆ ಏನು ಗತಿ ಸಾರ್, ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ ಎಂದಿದ್ದ. ನಿದ್ದೆ ಚೆನ್ನಾಗಿಯೇ ಬರುತ್ತಿತ್ತು. ಆ ಶುಕ್ರವಾರವೇ ಓರವೆಟ್ಸ್ ತಮ್ಮ ಕಬ್ಬಿಣದ ಬೀರುವಿನಿಂದ ಕ್ಯಾಲೆಂಡರು, ಚಹಾದ ಫ್ಲಾಸ್ಕು, ಮೇರಿಮಾತೆಯ ಪಟ ಒಂದೊಂದಾಗಿ ತೆಗೆದು ಚೀಲಕ್ಕೆ ಹಾಕುತ್ತಿದ್ದರು. ಕೋಟಿನ ಗುಂಡಿಗಳನ್ನು ಒಂದು ಮನೆ ತಪ್ಪಿ ಹಾಕಿಕೊಂಡಿದ್ದರು, ಒಂದು ಕಡೆ ಕಾಲರು ಕಿವಿಯ ತನಕ ಏರಿತ್ತು. ಎಷ್ಟು ದಿನದಿಂದ ಎಮಿಲ್, ಎಂದು ಕೇಳಿದರು, ನೀನು ನನ್ನ ಅಳತೆ ತಿದ್ದೋಕೆ ಶುರು ಮಾಡಿದ್ದು? ಹೋದ ವಾರದಿಂದ ಅಷ್ಟೇ ಸ್ಟ್ರೀಕೊ, ಎಂದ ಎಮಿಲ್. ಮುದುಕ ಅವನ ಮುಖ ನೋಡಿ ನಿಧಾನವಾಗಿ ತಲೆಯಾಡಿಸಿ, ಹಾಗಾದ್ರೆ ಸರಿ, ಎಂದರು. ನಂಬಿದರೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಒಂದು ವರ್ಷ ಅವರ ಏಳಕ್ಕೆ ಅಡ್ಡಗೆರೆ ಹಾಕಿದವನು ಅಂದು ಆ ಗುಂಡಿ ಸರಿಮಾಡಲು ಕೈ ಎತ್ತಲಿಲ್ಲ. ತಪ್ಪಿದ ಗುಂಡಿಯಲ್ಲೇ ಅವರು ಗೇಟು ದಾಟಿ ಬಸ್ಸು ಹತ್ತಿದರು. ಇಕ್ಕಳ ಕೈಯಲ್ಲಿ ಬೆಚ್ಚಗಾಗಿತ್ತು. ಎಮಿಲ್ ಬೈಕಿನ ಬಲಗಡೆಗೆ ನಿಂತಿದ್ದ. ಈ ಕಡೆಗೆ ಯಾವಾಗ ಬಂದೆ ಎಂದು ನೆನಪಾಗಲಿಲ್ಲ. ಇಕ್ಕಳ ಇಡುವ ಪೆಟ್ಟಿಗೆ ಈ ಕಡೆಯೇ ಇರುವುದು, ಅದಕ್ಕೇ ಬಂದಿರಬೇಕು. ಜೇಬು ತಟ್ಟಿ ನೋಡಿಕೊಂಡ, ಲಾಕು ಇತ್ತು. ಜೇಬಿನ ಗುಂಡಿ ಹಾಕಿ ದೀಪ ಆರಿಸಿದ.

ಗುರುವಾರ ಬೆಳಿಗ್ಗೆ ಅದೇ ಅಂಗಿ ತೊಟ್ಟು ಚರ್ಚಿಗೆ ಹೋದ. ಅಂಗಿ ಬದಲಾಯಿಸು ಎಂದು ವೆರೋನ ಹೇಳಿದಳು, ಅವನು ಕೇಳಲಿಲ್ಲ. ಸಾಕ್ಷಿ ಎದೆಯ ಮೇಲೇ ಇರಲಿ. ಎರಡು ಆಲೂಗಡ್ಡೆ ಸುಲಿದಿರಲಿಲ್ಲ, ನೆಲಮಾಳಿಗೆಯ ಮೆಟ್ಟಿಲಿಳಿದು ಕ್ಲೈಡ್ ಬಂದು ಪಕ್ಕದ ಸ್ಟೂಲಿನ ಮೇಲೆ ಕೂತು ಚಾಕು ಕೇಳಿ ತೆಗೆದುಕೊಂಡ.

"ನೀನ್ಯಾಕೆ ಬಂದೆ?" ಎಂದ ಎಮಿಲ್.

"ಇವತ್ತು ಒಂದು ಗಂಟೆವರೆಗೆ ನನ್ನನ್ನ ನೋಡ್ತಾ ಇರು. ಬಾತ್‌ರೂಮಿಗೆ ಹೋದ್ರೂ ಹಿಂದೆ ಬಾ. ಇನ್ನು ಮೇಲೆ ನಿನ್ನ ಗ್ಯಾರೇಜಲ್ಲಿ ಇಲಿ ಸತ್ತರೂ ಕ್ಲೈಡೇ ಕೊಂದಿದ್ದು ಅನ್ನಬಾರದು."

ಸುತ್ತ ಕೂತವರು ನಕ್ಕರು. ಎಮಿಲನ ಕೈಯಲ್ಲಿ ಸಿಪ್ಪೆ ದಪ್ಪ ದಪ್ಪವಾಗಿ ಇಳಿಯತೊಡಗಿತು. ಕ್ಲೈಡ್ ಇಲ್ಲಿದ್ದರೆ ಅಲ್ಲಿ ಯಾರು? ಅವನು ಆಗಲೇ ಒಂದು ನೂರು ಸಲ ಎಣಿಸಿದ ಬೀಗದಕೈಗಳನ್ನು ಮತ್ತೆ ಎಣಿಸಿದ. ಒಂದು ಸೊಂಟದಲ್ಲಿ. ಒಂದು ಹೂಕುಂಡದ ಕೆಳಗೆ. ಒಂದು ಅಡುಗೆಮನೆಯ ಮೊಳೆಗೆ.

ಹನ್ನೊಂದು ಗಂಟೆಗೆ ಕಾಫಿ ಬಂದಾಗ ಕ್ಲೈಡ್, "ಹಾಂ, ನನ್ನ ಪುಸ್ತಕ ವಾಪಸ್ ಕೊಡೋಕೆ ಹೇಳಪ್ಪ ನಿನ್ನ ಹೆಂಡತಿಗೆ" ಎಂದ. ಎಂದವನು ಬಿಸಿಕಾಫಿ ನಾಲಿಗೆಗೆ ತಗುಲಿದವನ ಹಾಗೆ ತುಟಿ ಕಚ್ಚಿಕೊಂಡ.

"ಯಾವ ಪುಸ್ತಕ?"

"ಅದೇ... ಅಡುಗೆ ಪುಸ್ತಕ."

ಹೆಂಡತಿ ಸತ್ತ ದಿನದಿಂದ ಡಬ್ಬಿ ಬೀನ್ಸು ಬಿಟ್ಟು ಬೇರೆ ಅಡುಗೆ ಮಾಡದ ಕ್ಲೈಡನ ಮುಖವನ್ನು ಎಮಿಲ್ ನೋಡಿದ. ಆ ಮುಖದಲ್ಲಿ ಕಳ್ಳತನ ಇರಲಿಲ್ಲ. ಇದ್ದದ್ದು ಅದಕ್ಕಿಂತ ಕೆಟ್ಟದ್ದು, ಕನಿಕರ. "ಸಿಪ್ಪೆ ಇಷ್ಟು ದಪ್ಪ ತೆಗೆದ್ರೆ ಆಲೂಗಡ್ಡೆ ಏನು ಉಳಿಯುತ್ತೋ ಮಾರಾಯ" ಎಂದು ಕ್ಲೈಡ್ ಅವನ ಕೈಯಿಂದ ಚಾಕು ಮೆಲ್ಲಗೆ ಬಿಡಿಸಿಕೊಂಡ.

ಒಂದೂಕಾಲಿಗೆ ಮನೆಗೆ ಬಂದವನು ಅಡುಗೆಮನೆಗೆ ಹೋಗದೆ ನೇರ ಗ್ಯಾರೇಜಿಗೆ ಹೋದ. ದೀಪ ಹಾಕಿದ. ಎಡಗಡೆ ಪಿಸ್ಟನ್ನಿನ ಖಾಲಿ ಜಾಗದಲ್ಲಿ ಹೊಸ ಲಾಕು ಹೊಳೆಯುತ್ತಿತ್ತು, ಬಾಯಿ ಮೇಲಕ್ಕೆ. ಎದೆ ಹಗುರವಾಯಿತು, ನಾಚಿಕೆಗೆಟ್ಟ ಸಂತೋಷ ಅದು, ಆದರೂ ಸಂತೋಷ. ತಲೆ ಕೆಟ್ಟಿಲ್ಲ, ಭ್ರಮೆಯಲ್ಲ, ಬರುವವರು ಇದ್ದಾರೆ, ಅವರ ಗುರುತು ಸಿಕ್ಕಿದೆ. ಇನ್ನು ಒಳಗೆ ಹೋಗಿ ಅವಳ ಮುಂದೆ ಈ ಲಾಕನ್ನು ಮೇಜಿನ ಮೇಲಿಟ್ಟು ಕೇಳಬೇಕು: ಏನಿದು ವೆರೋನ, ಯಾರ ಅಪ್ಪಣೆ ತೆಗೆದುಕೊಂಡು ಮುಟ್ಟಿದೆ, ನನ್ನ ಕೈ ಬಿದ್ದುಹೋಗಿದೆಯೇ? ಮಾತುಗಳನ್ನು ಜೋಡಿಸಿಕೊಳ್ಳುತ್ತ, ಸುಮ್ಮನೆ ರೂಢಿಯಿಂದ, ಬಲಗಡೆಗೂ ಬಗ್ಗಿ ನೋಡಿದ. ಬಲಗಡೆಯ ಹೊರಗಣ ಲಾಕಿನ ಬಾಯಿಯೂ ಮೇಲಕ್ಕಿತ್ತು. ಹೋದ ವಾರ ಅವನೇ ಕೆಳಕ್ಕೆ ತಿರುಗಿಸಿದ್ದು, ನಿನ್ನೆ ಕನ್ನಡಿಯಲ್ಲಿ ನೋಡಿದ್ದು. ನನ್ನನ್ನು ಅಣಕಿಸಲೆಂದೇ ಇದನ್ನೂ ತಿರುಗಿಸಿದ್ದಾಳೆ ಎಂದುಕೊಂಡ. ಆ ಸಿಟ್ಟಿನಲ್ಲೇ ಜೇಬಿನ ಗುಂಡಿ ಬಿಚ್ಚಿ ಸಾಕ್ಷಿಯನ್ನು ಅಂಗೈಗೆ ತೆಗೆದುಕೊಂಡ.

ಅಂಗೈಯಲ್ಲಿ ಎರಡು ಲಾಕುಗಳಿದ್ದವು.

ಬೆಂಚಿನ ಮೇಲೆ ಇಟ್ಟು ಎಣಿಸಿದ. ಎರಡು. ಎಡಗೈಗೆ ತೆಗೆದುಕೊಂಡು ಎಣಿಸಿದ. ಜೇಬು ಒಳಮೈ ಹೊರಗೆ ಮಾಡಿ ನೋಡಿದ. ಇಕ್ಕಳ ಬೆಚ್ಚಗಾಗಿದ್ದದ್ದು, ತಾನು ಬೈಕಿನ ಬಲಗಡೆಗೆ ನಿಂತಿದ್ದದ್ದು ನೆನಪಾಯಿತು; ಆ ನಡುವೆ ತನ್ನ ಕೈ ಏನು ಮಾಡಿತು ಎನ್ನುವುದು ಮಾತ್ರ ಎಷ್ಟು ತಿಣುಕಿದರೂ ಬರಲಿಲ್ಲ. ಅಲ್ಲಿ ಏನೂ ಇರಲಿಲ್ಲ, ಹರಿದ ಪುಟದ ಜಾಗದ ಹಾಗೆ. ಹಾಗಾದರೆ ಹೋದ ವಾರದ ಬುಧವಾರ? ಶುಕ್ರವಾರ ಬಾಯಿ ಮೇಲಕ್ಕಿದ್ದ ಆ ಲಾಕನ್ನು ಯಾರೂ ತಿರುಗಿಸಿರಲಿಲ್ಲ. ಬುಧವಾರ ಅದು ಅಲ್ಲಿ ಇರಲೇ ಇಲ್ಲ. ಅವನು ಹಾಕಿರಲೇ ಇಲ್ಲ. ಅವಳು ಎಣಿಸಿ, ಮೂರು ಎಂದು ಕಂಡು, ನಾಲ್ಕನೆಯದನ್ನು ಹಾಕಿದ್ದಳು. ತಂತಿಯ ತುದಿ ಹೆಬ್ಬೆರಳಿಗೆ ಚುಚ್ಚಿತ್ತು. ಸ್ಟೂಲು ಹುಡುಕಿ ಕೂತ. ಒಂದು ಲಾಕು ಕಡಿಮೆ ಇರುವ ಎಂಜಿನ್ನಿನ ಮೇಲೆ, ಮೇ ತಿಂಗಳ ಬಿಸಿಲಿನಲ್ಲಿ, ತನ್ನ ಬೆನ್ನಿಗೆ ಕೆನ್ನೆಯೊತ್ತಿ ಕೂತ ಅವಳು ಕಣ್ಣಿಗೆ ಬಂದಳು.

"ಸೂಪು ಆರ್ತಾ ಇದೆ."

ವೆರೋನ ಬಾಗಿಲಲ್ಲಿ ನಿಂತಿದ್ದಳು. ಈಗ ತೋರುಬೆರಳಿಗೂ ಪಟ್ಟಿ ಬಂದಿತ್ತು. ಅವಳ ಕಣ್ಣು ಅವನ ಅಂಗೈಗೆ ಹೋಗಿ, ಅಲ್ಲಿದ್ದದ್ದನ್ನು ಎಣಿಸಿ, ವಾಪಸು ಬಂತು.

"ಕ್ಲೈಡನ ರಿಪೇರಿ ಪುಸ್ತಕದಲ್ಲಿ ಬಾಯಿ ಮೇಲಕ್ಕೆ ತೋರಿಸಿದೆಯಾ?" ಎಂದ.

"ಮೂವತ್ತೆರಡನೇ ಪುಟ," ಎಂದಳು. "ಚಿತ್ರ ಇದೆ."

"ಕೆಳಕ್ಕಿಡಬೇಕು."

"ನನಗೇನು ಗೊತ್ತು. ಪುಸ್ತಕದಲ್ಲಿ ಹೇಗಿತ್ತೋ ಹಾಗಿಟ್ಟೆ." ಅವಳ ದನಿ ಗಟ್ಟಿಯಾಗಿಯೇ ಶುರುವಾಗಿ ನಡುವೆ ಸೋತಿತು. "ಹಿಂದೆ ಕೂರೋಳು ನಾನಲ್ವಾ, ಎಮಿಲ್. ನೀನು ಓಡಿಸೋದು ನಿಲ್ಲಿಸಬಾರದು ಅಂತಲೇ ಮಾಡಿದ್ದು."

ಹೊರಗೆ ಯಾರದೋ ಕಾರು ಹೋಯಿತು. ಅವನು ಕೇಳಬಾರದೆಂದಿದ್ದ, ಬಾಯಿ ತಾನಾಗಿ ಕೇಳಿತು.

"ಎಷ್ಟು ದಿನದಿಂದ?"

ಕೇಳಿದ ಕೂಡಲೇ ಆ ಮಾತು ಯಾರದು ಎಂದು ಅವನಿಗೆ ಗೊತ್ತಾಯಿತು. ವೆರೋನ ಹತ್ತಿರ ಬಂದಳು. ಹೊರಗೆ ನಾಲಿಗೆ ಚಾಚಿದಂತಿದ್ದ ಜೇಬನ್ನು ಒಳಗೆ ತಳ್ಳಿ, ಪಟ್ಟಿ ಸುತ್ತಿದ ಬೆರಳುಗಳಿಂದ ಕಷ್ಟಪಟ್ಟು ಅದರ ಗುಂಡಿ ಹಾಕಿದಳು. ಅವಳು ನೋಡುತ್ತಿದ್ದದ್ದು ಗುಂಡಿಯನ್ನು, ಅವನ ಮುಖವನ್ನಲ್ಲ. ದಿನದಿನಕ್ಕೆ ಬೇರೆ ಬೇರೆ ಮಾಡಿ ಇಟ್ಟಿರುವ ತನ್ನ ಮಾತ್ರೆಗಳು, ಈಗೀಗ ತಾನು ಆರಿಸಲು ಹೋಗುವಷ್ಟರಲ್ಲಿ ಆರಿರುವ ಒಲೆ, ಬ್ಯಾಂಕಿನ ಕಾಗದದಲ್ಲಿ ತನ್ನದರಂತೆಯೇ ಇದ್ದ ಸಹಿ, ಮಂಡಿನೋವು, ಇವೆಲ್ಲ ಒಂದರ ಹಿಂದೊಂದು ಅವನ ಕಣ್ಣ ಮುಂದೆ ಬಂದವು.

"ಹೋದ ವಾರದಿಂದ ಅಷ್ಟೇ," ಎಂದಳು.

ಓರವೆಟ್ಸ್ ಅಂದು ನಂಬಿರಲಿಲ್ಲ. ಎಮಿಲ್ ನಿಧಾನವಾಗಿ ತಲೆಯಾಡಿಸಿದ.

"ಹಾಗಾದ್ರೆ ಸರಿ," ಎಂದ.